ಅಂಗಳ ಗುಡಿಸುವವನ ಮಾತು

ಬ್ಯಾಡಗಿಯ ಮಹಮ್ಮದ್ ಹನೀಫನ ಪಾಲಿಗೆ ವಾರ ಎಂದರೆ ಭಾನುವಾರ ಒಂದೇ. ಉಳಿದ ದಿನಗಳು ಇದ್ದವು ಎಂದರೆ ಇದ್ದವು, ಇಲ್ಲ ಎಂದರೆ ಇಲ್ಲ. ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ ಕೂಡುತ್ತಿತ್ತು. ಆಗ ಅವನು ದಲಾಲಿ ಅಂಗಡಿಯ ಮುಂದೆ ಮೈಕ್ ಹಿಡಿದು ನಿಂತು, ತೂಕಕ್ಕೆ ಬರಬೇಕಾದ ರೈತರ ಹೆಸರು ಕೂಗುತ್ತಿದ್ದ. ಒಂದೇ ಹೆಸರನ್ನು ಎರಡನೆಯ ಸಲ ಕೂಗುವ ಪ್ರಸಂಗ ಬರುತ್ತಿರಲಿಲ್ಲ, ಅಂಥ ಕಂಠ. ಸಂಜೆ ಮನೆಗೆ ಬಂದು ಬೀಗ ತೆಗೆದ ಮೇಲೆ ಮಾತ್ರ ಆ ಕಂಠಕ್ಕೆ ಏನೂ ಕೆಲಸವಿರಲಿಲ್ಲ. ಹೆಂಡತಿ ಸೈದಾಬಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಗೋಡೆಯ ಜೊತೆ ಮಾತಾಡುವಷ್ಟು ಅವನಿನ್ನೂ ಕೆಟ್ಟಿರಲಿಲ್ಲ. ಟಿವಿಯ ಜೊತೆ ಮಾತ್ರ ಆಗೀಗ ಜಗಳ ತೆಗೆಯುತ್ತಿದ್ದ.

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ರೈಲು ಹಿಡಿದು ಹಾವೇರಿಗೆ ಹೋಗುತ್ತಿದ್ದ. ಅಲ್ಲೊಂದು ಕಲ್ಯಾಣ ಮಂಟಪದ ಮಾಳಿಗೆಯಲ್ಲಿ ನಿವೃತ್ತ ಪ್ರಾಧ್ಯಾಪಕ ಆನಂದತೀರ್ಥರು ಚಿತ್ರಮಂಡಳಿ ನಡೆಸುತ್ತಿದ್ದರು. ಮಂಡಳಿ ಎಂಬ ಹೆಸರು ಕೇಳಿ ಹೆದರಬೇಕಾಗಿಲ್ಲ. ಒಂದು ಬಿಳಿ ಪರದೆ, ಒಂದಿಷ್ಟು ಪ್ಲಾಸ್ಟಿಕ್ ಕುರ್ಚಿ, ಅರ್ಧಕ್ಕಿಂತ ಹೆಚ್ಚು ಕುರ್ಚಿ ಖಾಲಿ. ಹನೀಫ ಅಲ್ಲಿಗೆ ಸೇರಿದ್ದೇ ಒಂದು ತಮಾಷೆ. ಯಾವುದೋ ವ್ಯಾಪಾರಿಯ ಮಗಳ ಮದುವೆಗೆಂದು ಬಂದವನು ಕೆಳಗಿನ ಹಾಲಿಗೆ ಹೋಗುವ ಬದಲು ಮೆಟ್ಟಿಲು ಹತ್ತಿಬಿಟ್ಟಿದ್ದ. ಮೇಲೆ ಕತ್ತಲಲ್ಲಿ ಪರದೆಯ ಮೇಲೆ ಯಾರೋ ತುಟಿ ಆಡಿಸುತ್ತಿದ್ದರು, ದನಿಯೇ ಇರಲಿಲ್ಲ. ಕುಳಿತ. ಮದುವೆಯ ಊಟ ತಪ್ಪಿತು, ಆದರೆ ಅಂದಿನಿಂದ ಅವನ ಭಾನುವಾರಕ್ಕೆ ಒಂದು ಜಾಗ ಸಿಕ್ಕಿತು.

ಆ ಮಂಡಳಿಯಲ್ಲಿ ಒಂದು ಪದ್ಧತಿ ಇತ್ತು. ಹಳೆಯ ಮೂಕಿ ಚಿತ್ರಗಳಲ್ಲಿ ಪಾತ್ರದ ಮಾತು ಬರಹದ ಫಲಕವಾಗಿ ಬರುತ್ತದಲ್ಲ, ಅದನ್ನು ಆನಂದತೀರ್ಥರು ಮೊದಲೇ ಕನ್ನಡಕ್ಕೆ ಇಳಿಸಿಕೊಂಡು ಬರುತ್ತಿದ್ದರು. ಸದಸ್ಯರು ಪಾತ್ರ ಹಂಚಿಕೊಂಡು, ಫಲಕ ಬಂದ ಕೂಡಲೇ ಮೈಕಿನಲ್ಲಿ ಓದುತ್ತಿದ್ದರು. ಸದಸ್ಯರಲ್ಲಿ ಅರ್ಧ ಜನಕ್ಕೆ ಕಣ್ಣಿನ ಪೊರೆ, ಇನ್ನರ್ಧಕ್ಕೆ ಇಂಗ್ಲಿಷಿನ ಬೇಸರ. ಒಬ್ಬರು ಪುರಾಣ ಓದಿದರೆ ಇನ್ನೊಬ್ಬರು ಅರ್ಥ ಹೇಳುವ ಊರಿನವರಿಗೆ ಇದೇನೂ ಹೊಸದೆನಿಸಲಿಲ್ಲ. ಹನೀಫನ ಕಂಠ ಕೇಳಿದ ದಿನವೇ ಅವನಿಗೂ ಒಂದು ಮೈಕ್ ಕೊಟ್ಟರು. ಈವರೆಗೆ ಅವನು ಒಬ್ಬ ಹಡಗಿನ ಕಪ್ತಾನನಾಗಿದ್ದ, ಒಬ್ಬ ಕುಡುಕ ಜಮೀನ್ದಾರನಾಗಿದ್ದ, ಒಮ್ಮೆ ಯಾರೂ ಬಾರದ ದಿನ ಒಬ್ಬ ವಿಧವೆಯೂ ಆಗಿದ್ದ. ಯಾರೂ ನಗಲಿಲ್ಲ. ಎಲ್ಲರೂ ಕಿವಿಗೊಟ್ಟು ಕೇಳಿದರು. ಅಷ್ಟು ಸಾಕಾಗಿತ್ತು ಅವನಿಗೆ.

ಈ ವರ್ಷ ಆನಂದತೀರ್ಥರ ತಲೆಯಲ್ಲಿ ಸೋವಿಯತ್ ದೇಶದ ಮೊದಮೊದಲ ಹಾಸ್ಯಚಿತ್ರಗಳು ಹೊಕ್ಕಿದ್ದವು. ಪ್ರಾಧ್ಯಾಪಕರು ಒಮ್ಮೆ ಒಂದು ವಿಷಯ ಹಿಡಿದರೆ ವಿಷಯಕ್ಕೇ ಸುಸ್ತಾಗಬೇಕು. ಚಿತ್ರ ಆರಂಭವಾಗುವ ಮೊದಲು ಐದು ನಿಮಿಷ ಮಾತಾಡುತ್ತೇನೆ ಎಂದು ಎದ್ದವರು ಮುಕ್ಕಾಲು ತಾಸು ಮಾತಾಡಿದರು.

"ನೂರಾರು ಜನಾಂಗ ಇದ್ದ ದೇಶ ಅದು. ರಾಜ ಹೋದ, ಹೊಸ ಸರ್ಕಾರ ಬಂತು, ಎಲ್ಲಾರೂ ಸಮಾನ ಅಂತ ಸಾರಿತು. ಪರದೆ ಮ್ಯಾಲೂ ಎಲ್ಲಾರ್ನೂ ತಂದು ಕೂಡಿಸಿತು, ಜಾರ್ಜಿಯಾದವ್ರು, ಅರ್ಮೇನಿಯಾದವ್ರು, ಯಹೂದಿಗಳು, ತಾತಾರರು. ಆದ್ರ ಒಂದು ಮಾತು ಲಕ್ಷ್ಯದಾಗ ಇಡ್ರಿ. ಮಂದಿ ನಗಬೇಕಾದಾಗ ಬೀಳಾವ್ರು ಯಾರು? ಅದನ್ನ ನೋಡ್ರಿ."

ಮಾತು ಚೆನ್ನಾಗಿತ್ತು. ಹನೀಫ ಅದನ್ನು ರೈಲಿನಲ್ಲಿ ಕುಳಿತು ಮತ್ತೆ ಮತ್ತೆ ನೆನೆದ. ಓದಿದವರು ಇಂಥ ಮಾತು ಆಡಿದರೆ ಅವನಿಗೆ ಯಾಕೋ ಎದೆ ತುಂಬಿ ಬರುತ್ತಿತ್ತು.

ಮುಂದೆ ಓದಲೆಂದು ಅವರು ಆರಿಸಿದ ಚಿತ್ರದ ಕಥೆ ಹೀಗೆ. ಮಾಸ್ಕೋದ ಒಂದು ವಠಾರ. ಅಲ್ಲಿಯ ಗುಮಾಸ್ತನೊಬ್ಬ ತನ್ನ ಭಾವಿ ಮಾವನಿಗೆ ಔತಣ ಕೊಡಲೆಂದು ಮಾಳಿಗೆಯ ಮೇಲೆ ಕದ್ದುಮುಚ್ಚಿ ಬಾತುಕೋಳಿ ಸಾಕಿರುತ್ತಾನೆ. ಅದು ತಪ್ಪಿಸಿಕೊಳ್ಳುತ್ತದೆ. ಜಾರ್ಜಿಯಾದ ಚಮ್ಮಾರ, ಅರ್ಮೇನಿಯಾದ ಹಣ್ಣಿನವಳು, ಯಹೂದಿ ದರ್ಜಿ ಎಲ್ಲರೂ ಅದರ ಹಿಂದೆ ಓಡುತ್ತಾರೆ. ಅಂಗಳ ಗುಡಿಸುವವನು ತಾತಾರ, ಅಂದರೆ ಅಲ್ಲಿಯ ಮುಸಲ್ಮಾನ, ತಲೆಯ ಮೇಲೆ ಟೋಪಿ, ಕೈಯಲ್ಲಿ ಕಸಬರಿಗೆ. ಬಾತುಕೋಳಿ ಕದ್ದವನು ಇವನೇ ಎಂದು ಎಲ್ಲರೂ ಇವನ ಕಸಬರಿಗೆಯಿಂದಲೇ ಇವನನ್ನು ಬಾರಿಸುತ್ತಾರೆ. ಕೊನೆಗೆ ಬಾತುಕೋಳಿ ಸಿಗುತ್ತದೆ, ಔತಣವಾಗುತ್ತದೆ, ಎಲ್ಲ ಜನಾಂಗದವರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಅವನು ಬಾಗಿಲಲ್ಲಿ ನಿಂತಿರುತ್ತಾನೆ. ಇಡೀ ಚಿತ್ರದಲ್ಲಿ ಅವನಿಗೆ ನಾಲ್ಕೇ ಫಲಕ.

ಆ ಪಾತ್ರ ಹನೀಫನ ಪಾಲಿಗೆ ಬಂತು. ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ, ಅವನೂ ಕೇಳಲಿಲ್ಲ.

ತಾಲೀಮಿನ ದಿನ ಹನೀಫ ಮೊದಲ ಮಾತನ್ನು ತನ್ನ ಮಾಮೂಲಿ ದನಿಯಲ್ಲಿ ಓದಿದ. "ನಾ ಯಾವ ಹಕ್ಕೀನೂ ನೋಡಿಲ್ರಿ. ಬರೇ ಪುಕ್ಕ ಗುಡಿಸೇನಿ."

ಗುಮಾಸ್ತನ ಪಾತ್ರ ಶಂಭುಲಿಂಗನದು. ಹಾವೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟವನು, ಹರೆಯದಲ್ಲಿ ಕಂಪನಿ ನಾಟಕದ ಹುಚ್ಚು ಹಿಡಿಸಿಕೊಂಡವನು. ಮನುಷ್ಯ ಬಂಗಾರದಂಥವನು. ಹನೀಫ ಬಂದಾಗಲೆಲ್ಲ ಚಹಾದ ಜೊತೆ ಮಿರ್ಚಿ ಭಜಿ ತರಿಸುತ್ತಿದ್ದವನು ಅವನೇ.

"ಹಿಂಗ ಸಪ್ಪಗ ಓದಿದ್ರ ಮಂದಿ ನಿದ್ದಿ ಹೋಗ್ತಾರ ಹನೀಫಣ್ಣ," ಎಂದ ಶಂಭುಲಿಂಗ. "ನಾಟಕದಾಗ ಸಾಬಣ್ಣನ ಪಾರ್ಟು ಬರತಿತ್ತಲ್ಲ, ಆ ರಾಗದಾಗ ಬಿಡು ನೋಡೋಣು. ನಿನಗ ಅದೇನು ಕಲಿಸಬೇಕ?"

ನಾಟಕದಲ್ಲಿ ನಗಿಸಲೆಂದೇ ಬರುವ ಮುಸಲ್ಮಾನನ ಆ ರಾಗ ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಅವನು ಬಂದಳು, ಅವಳು ಬಂದನು ಎಂದು ಮಾತಿನಲ್ಲಿ ಗಂಡು ಹೆಣ್ಣು ಅದಲು ಬದಲು, ಪ್ರತಿ ಮಾತಿಗೂ ಒಂದು ಎಳೆತ, ಕೊನೆಗೆ ಒಂದು ಪೆದ್ದ ನಗು. ಹನೀಫನಿಗೂ ಗೊತ್ತಿತ್ತು. ಆದರೆ ಅವನು ಅದನ್ನು ಕಲಿತದ್ದು ಮನೆಯಲ್ಲಿ ಅಲ್ಲ. ಅವನ ಅವ್ವ ಬ್ಯಾಡಗಿಯ ಓಣಿಯಲ್ಲಿ ಆಡುತ್ತಿದ್ದ ಕನ್ನಡ ನೆರೆಮನೆಯ ಪ್ರೇಮವ್ವನ ಕನ್ನಡಕ್ಕಿಂತ ಒಂದು ಕೂದಲೆಳೆಯೂ ಬೇರೆಯಾಗಿರಲಿಲ್ಲ. ಶಂಭುಲಿಂಗ ಕಲಿತ ಕಡೆಯೇ ಅವನೂ ಕಲಿತಿದ್ದ, ನಾಟಕದ ಡೇರೆಯಲ್ಲಿ, ನೆಲದ ಮೇಲೆ ಕುಳಿತು, ಎಲ್ಲರ ಜೊತೆ ಹೊಟ್ಟೆ ಹುಣ್ಣಾಗುವಂತೆ ನಕ್ಕು.

ಹನೀಫ ಆನಂದತೀರ್ಥರ ಕಡೆ ನೋಡಿದ. ಬೀಳುವವರು ಯಾರು ಎಂದು ಮುಕ್ಕಾಲು ತಾಸು ವಿವರಿಸಿದ ಮನುಷ್ಯ ಈಗ ತಲೆ ತಗ್ಗಿಸಿ ಹಾಳೆಗಳನ್ನು ಜೋಡಿಸುತ್ತಿದ್ದರು. ಕೊನೆಗೆ, "ಒಂದು ಸಲ ಮಾಡಿ ನೋಡ್ರಿ ಹನೀಫ್ ಸಾಹೇಬ್ರ, ಹೆಂಗ ಬರ್ತದ," ಎಂದರು.

ಹನೀಫ ಮಾಡಿದ. ಎಲ್ಲರೂ ಕುರ್ಚಿಯಿಂದ ಜಾರಿ ಬೀಳುವಷ್ಟು ನಕ್ಕರು. ಸುಳ್ಳು ಯಾಕೆ ಹೇಳಬೇಕು, ಹನೀಫನಿಗೆ ಖುಷಿಯೇ ಆಯಿತು.

ಪ್ರದರ್ಶನದ ಭಾನುವಾರ ಹಾವೇರಿಯ ಮಾಳಿಗೆ ತುಂಬಿತ್ತು. ಕೆಳಗಿನ ಮದುವೆಯವರೂ ಹತ್ತಿ ಬಂದರು. ಗುಮಾಸ್ತ, ದರ್ಜಿ, ಚಮ್ಮಾರ ಏನು ಹೇಳಿದರೂ ಹೂಂ ಎನ್ನುತ್ತಿದ್ದ ಜನ, ಹನೀಫ ಬಾಯಿ ತೆರೆದ ಕೂಡಲೇ ಸೀಟಿ ಹೊಡೆದರು. ಮುಗಿದ ಮೇಲೆ ಬೆನ್ನು ತಟ್ಟುವವರ ಸಾಲು. ಯಾರೋ ಸೆಲ್ಫಿ ತೆಗೆದುಕೊಂಡರು. ಶಂಭುಲಿಂಗ ಕೈಹಿಡಿದು ಮನೆಗೆ ಕರೆದೊಯ್ದ. ಅವನ ಹೆಂಡತಿ ಪುಷ್ಪಲತಾ ಬಿಸಿ ಹೋಳಿಗೆ ಬಡಿಸಿ, "ಇನ್ನೊಂದು ಹಾಕ್ಕೊಳ್ರಿ ಅಣ್ಣಾರ, ಒಬ್ರೇ ಇರಾವ್ರು, ಮನ್ಯಾಗ ಯಾರು ಮಾಡ್ತಾರ," ಎಂದಳು. ನಾಲ್ಕು ವರ್ಷದ ಮೇಲೆ ಒಬ್ಬ ಹೆಣ್ಣುಮಗಳು ಪಕ್ಕದಲ್ಲಿ ನಿಂತು ತುಪ್ಪ ಹಾಕಿದಳು. ಹನೀಫ ಬೇಡ ಎನ್ನದೆ ಇನ್ನೊಂದು ಹಾಕಿಸಿಕೊಂಡ. ಆ ಸಂಜೆ ಅವನು ಮನೆಯ ಬೀಗ ತೆಗೆದಾಗ ಮನೆ ಅಷ್ಟು ಖಾಲಿ ಎನಿಸಲಿಲ್ಲ.

ಮರುದಿನ ಸೋಮವಾರ ಪೇಟೆ. ಯಾರೋ ತೆಗೆದ ವಿಡಿಯೋ ಅವನಿಗಿಂತ ಮೊದಲೇ ಬ್ಯಾಡಗಿಗೆ ಬಂದಿತ್ತು. ಹಮಾಲರು ಚೀಲ ಇಳಿಸುತ್ತ "ಸಾಬಣ್ಣ, ಸಾಬಣ್ಣ" ಎಂದರು. ಅವನ ಧಣಿ ಕರಬಸಪ್ಪ ಗಾದಿಯ ಮೇಲಿಂದ ನಗುತ್ತ ಕೂಗಿದ. "ಹನೀಫಾ, ಇವತ್ತ ಹೆಸರು ಆ ದನ್ಯಾಗ ಕೂಗಪಾ! ರೈತರೂ ಒಂಚೂರು ನಕ್ಕೊಂತ ಹೋಗಲಿ."

ಹನೀಫ ಮೈಕ್ ಹಿಡಿದು ನಿಂತ. ಮೊದಲನೆಯ ಹೆಸರು ಅಗಡಿಯ ಒಬ್ಬ ರೈತನದು. ಆ ರೈತ ಚೀಲದ ಪಕ್ಕದಲ್ಲಿ ನಿಂತು, ತನ್ನ ಹೆಸರು ಬರುತ್ತದೆಂದು ಇವನ ಬಾಯಿಯನ್ನೇ ನೋಡುತ್ತಿದ್ದ. ಹನೀಫನಿಗೆ ಆಗಲಿಲ್ಲ. ಎಂದಿನಂತೆಯೇ ಕೂಗಿದ. ಕರಬಸಪ್ಪ, "ಏ, ಬಿಡೋ, ನಮ್ಮ ಮುಂದ ಮಾಡಾಕ ಬ್ಯಾಸರ ಇವಂಗ," ಎಂದು ಒಳಗೆ ಹೋದ.

ಆ ಸಂಜೆ ಚಹಾ ಕಾಯಿಸಲು ಇಟ್ಟಾಗ ಸೈದಾಬಿ ನೆನಪಾದಳು. ದಿನಾ ನೆನಪಾಗುತ್ತಿದ್ದಳು, ಆದರೆ ಇದು ಬೇರೆ ನೆನಪು, ಅವನು ಬೇಕೆಂದೇ ಮೂಲೆಗೆ ತಳ್ಳಿಟ್ಟದ್ದು. ಕಾಯಿಲೆ ಬಿದ್ದಾಗ ಅವಳನ್ನು ದೂರದ ಊರಿನ ಒಂದು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಮೊದಲ ದಿನ ಅವಳೇ ಚೀಟಿ ಕೊಡುವ ಕಿಟಕಿಯ ಹತ್ತಿರ ಹೋಗಿ ಕೇಳಿದ್ದಳು. "ಅಣ್ಣಾರ, ಡಾಕ್ಟರ್ ಎಷ್ಟೊತ್ತಿಗೆ ಬರ್ತಾರ್ರಿ?" ಕಿಟಕಿಯೊಳಗಿನವನು ಅವಳ ಬುರ್ಖಾ ನೋಡಿದ. ನೋಡಿ, ಆ ನಾಟಕದ ರಾಗದಲ್ಲಿ ಉತ್ತರ ಕೊಟ್ಟ. ಸಾಲಿನಲ್ಲಿ ನಿಂತವರು ನಕ್ಕರು. ಸೈದಾಬಿಯೂ ನಕ್ಕಳು. ನಗದೆ ಏನು ಮಾಡುತ್ತಾಳೆ?

ಆಮೇಲೆ ಅವಳು ಆ ಆಸ್ಪತ್ರೆಯಲ್ಲಿ ಬಾಯಿ ತೆರೆಯಲಿಲ್ಲ. ಏನು ಬೇಕಾದರೂ ಹನೀಫನ ಮೊಣಕೈ ಜಗ್ಗುತ್ತಿದ್ದಳು. ನಳದ ಮುಂದಿನ ಜಗಳದಲ್ಲಿ ಇಡೀ ಓಣಿಯ ಬಾಯಿ ಮುಚ್ಚಿಸುತ್ತಿದ್ದ ಹೆಣ್ಣು, ತನಗೆ ಎಲ್ಲಿ ನೋಯುತ್ತದೆ ಎಂಬುದನ್ನೂ ಮೊದಲು ಅವನ ಕಿವಿಯಲ್ಲಿ ಹೇಳಿ, ಅವನು ಡಾಕ್ಟರಿಗೆ ಹೇಳಬೇಕಾಗಿತ್ತು. ಅವನು ಹೇಳುತ್ತಿದ್ದ. ಆದರೆ ಇನ್ನೊಬ್ಬರ ನೋವನ್ನು ಎಷ್ಟು ಅಂತ ಸರಿಯಾಗಿ ಹೇಳಲಿಕ್ಕಾಗುತ್ತದೆ? ಇಷ್ಟು ನೆನಪಾಗುವಷ್ಟರಲ್ಲಿ ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಅದೇ ರಾಗವನ್ನು ತಾನು ಮೈಕಿನಲ್ಲಿ ಹಾಡಿ, ಅದರ ಸಲುವಾಗಿ ಹೋಳಿಗೆ ತಿಂದು ಬಂದೆನಲ್ಲ ಎಂದು ಹನೀಫನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಷ್ಟರಲ್ಲಿ ರಾಣೆಬೆನ್ನೂರಿನ ಒಂದು ಕಾಲೇಜಿನಿಂದ ಮಂಡಳಿಗೆ ಕರೆ ಬಂದಿತ್ತು. ಅದೇ ಚಿತ್ರ, ಅದೇ ಓದುವವರು, ದೊಡ್ಡ ಸಭಾಂಗಣ, ಮುಂದಿನ ಭಾನುವಾರ ಬೆಳಿಗ್ಗೆ. ಹನೀಫ ಧೈರ್ಯ ಮಾಡಿ ಆನಂದತೀರ್ಥರಿಗೆ ಫೋನ್ ಮಾಡಿದ.

"ಸರ್, ರಾಣೆಬೆನ್ನೂರಾಗ ನಾ ಆ ರಾಗದಾಗ ಓದಂಗಿಲ್ರಿ. ನಮ್ಮ ಮಾತಿನ್ಯಾಗ ಓದತೇನಿ. ಸೈದಾಬಿ ನೆನಪಾಗಿ ಭಾಳ ಸಂಕಟ ಆಗೇತ್ರಿ," ಎಂದ. ಆಸ್ಪತ್ರೆಯ ಕಥೆಯನ್ನೂ ಹೇಳಿದ. ಈವರೆಗೆ ಯಾರಿಗೂ ಹೇಳಿರಲಿಲ್ಲ.

ಆನಂದತೀರ್ಥರು ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು. "ನನಗ ತಿಳೀತದ ಹನೀಫ್ ಸಾಹೇಬ್ರ. ಆದ್ರ ನಾವು ಮಾಡ್ಲಿಕ್ಹತ್ತಿದ್ದು ಆ ಕಾಲದ ತಪ್ಪು ತೋರಸ್ಲಿಕ್ಕೆ. ಮಂದಿ ಮೊದಲು ನಗಬೇಕು, ಆಮ್ಯಾಲೆ ಯಾಕ ನಕ್ಕಿವಿ ಅಂತ ಯೋಚನಿ ಮಾಡಬೇಕು. ಅದೊಂದು ವಿಧಾನ."

"ಹಾವೇರ್ಯಾಗ ಯಾರರೆ ಯೋಚನಿ ಮಾಡಿದ್ರೇನ್ರಿ ಸರ್?"

"ಕಾಲೇಜಿನ ಹುಡುಗರು ಮಾಡ್ತಾರ. ಭಾಳ ದಿವಸದ ಮ್ಯಾಲೆ ಮಂಡಳಿಗೆ ಒಂದು ಜೀವ ಬಂದದ. ಇದೊಂದು ಸಲ ನಡಿಸಿಕೊಡ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಅದು ಬೇಡಿಕೆಯ ದನಿಯೇ ಹೊರತು ಜಬರದಸ್ತಿ ಅಲ್ಲ. ಅದೇ ಕಷ್ಟ. ಜಬರದಸ್ತಿ ಮಾಡಿದ್ದರೆ ಹನೀಫ ಅಲ್ಲೇ ಜಗಳವಾಡಿ ಮುಗಿಸುತ್ತಿದ್ದ. ಈಗ ಆರು ದಿನ ತನ್ನೊಳಗೇ ಜಗಳವಾಡಿದ. ಇಲ್ಲ ಎಂದರೆ ಭಾನುವಾರ ಹೋಗುತ್ತದೆ. ಚಹಾ, ಭಜಿ, "ಬಾ ಹನೀಫಣ್ಣ" ಎಂಬ ಮಾತು, ಹೋಳಿಗೆ ಎಲ್ಲವೂ ಹೋಗುತ್ತವೆ. ಆಮೇಲೆ ಉಳಿಯುವುದು ಆ ಬೀಗ, ಆ ಟಿವಿ. ಅವನಿಗೆ ಹೆದರಿಕೆಯಾಯಿತು, ಬರೀ ಹೆದರಿಕೆ.

ಭಾನುವಾರ ರಾಣೆಬೆನ್ನೂರಿನ ಸಭಾಂಗಣ ಕಿಕ್ಕಿರಿದಿತ್ತು. ಹುಡುಗರು ವಿಡಿಯೋ ನೋಡಿಕೊಂಡೇ ಬಂದಿದ್ದರು. ವೇದಿಕೆಯ ಮೂಲೆಯಲ್ಲಿ ಓದುವವರ ಮೇಜು, ಹನೀಫನ ಪಕ್ಕದಲ್ಲಿ ಶಂಭುಲಿಂಗ, ಆಚೆ ಲ್ಯಾಪ್‌ಟಾಪ್ ಮುಂದೆ ಆನಂದತೀರ್ಥರು. ಪರದೆಯ ಮೇಲೆ ತಾತಾರ ಕಸಬರಿಗೆ ಹಿಡಿದು ಬಂದ ಕೂಡಲೇ ಹಿಂದಿನ ಸಾಲಿನಿಂದ ಸೀಟಿ ಬಿತ್ತು. ಫಲಕ ಮೂಡಿತು. ಹನೀಫ ಮೈಕನ್ನು ಬಾಯಿಗೆ ತಂದ.

"ನಾ ಯಾವ ಹಕ್ಕೀನೂ ನೋಡಿಲ್ರಿ. ಬರೇ ಪುಕ್ಕ ಗುಡಿಸೇನಿ."

ಪೇಟೆಯಲ್ಲಿ ಹೆಸರು ಕೂಗುವ ಅದೇ ದನಿ, ಅದೇ ತೂಕ. ನಗಲೆಂದು ಬಾಯಿ ತೆರೆದವರು ಹಾಗೆಯೇ ಉಳಿದರು. ಎರಡನೆಯ ಫಲಕ, ಕಸಬರಿಗೆ ಕಸಿದುಕೊಂಡು ಹೊಡೆಯುವ ಹೊತ್ತಿನದು. "ಅದು ನನ್ನ ಕಸಬರಿಗಿ. ಕೊಡ್ರಿ ಇತ್ತಾಗ." ಹಾವೇರಿಯಲ್ಲಿ ಈ ಹೊಡೆತಕ್ಕೆ ಚಪ್ಪಾಳೆ ಬಿದ್ದಿತ್ತು. ಇಲ್ಲಿ ಮುಂದಿನ ಸಾಲಿನ ಒಬ್ಬ ಹುಡುಗಿ ಕೈಯಲ್ಲಿದ್ದ ಫೋನನ್ನು ತೊಡೆಯ ಮೇಲೆ ಇಳಿಸಿದಳು. ಹೊಡೆಸಿಕೊಳ್ಳುವವನ ಮುಖ ಪರದೆಯ ತುಂಬ ಇತ್ತು, ಮೊದಲ ಸಲ ಹನೀಫನೂ ಅದನ್ನು ನೋಡಿದ. ಹಾವೇರಿಯಲ್ಲಿ ಅವನು ಜನರ ಮುಖ ನೋಡುವುದರಲ್ಲೇ ಮುಳುಗಿದ್ದ. ಮೂರನೆಯ ಫಲಕ ಬಂತು. "ಹೊಡದಿದ್ದು ಆತಲ್ರಿ? ಈಗರೆ ಹುಡುಕ್ರಿ ನಿಮ್ಮ ಹಕ್ಕಿ." ಹಿಂದಿನ ಸಾಲಿನವರು ಗುಸುಗುಸು ಶುರು ಮಾಡಿದರು. ಯಾರೋ "ಏ, ವಿಡಿಯೋದಾಗಿಂದು ಮಾಡ್ರಿ" ಎಂದು ಕೂಗಿದರು.

ಕೊನೆಯ ಫಲಕ ಔತಣದ್ದು. ತಾತಾರ ಬಾಗಿಲಲ್ಲಿ ನಿಂತಿದ್ದಾನೆ, ಒಳಗೆ ಎಲ್ಲರೂ ಮೇಜಿಗೆ ಕುಳಿತಿದ್ದಾರೆ. ಹನೀಫ ಮೈಕ್ ಎತ್ತುವಷ್ಟರಲ್ಲಿ ಪಕ್ಕದಿಂದ ಇನ್ನೊಂದು ದನಿ ಬಂತು. ಶಂಭುಲಿಂಗ ತನ್ನ ಮೈಕಿನಲ್ಲಿ, ಆ ರಾಗದಲ್ಲಿ, ಆ ಎಳೆತದಲ್ಲಿ, ಆ ಪೆದ್ದ ನಗುವಿನ ಸಮೇತ ಆ ಮಾತು ಓದಿಬಿಟ್ಟ. ಸಭಾಂಗಣ ಒಡೆದು ಹೋಗುವಂತೆ ನಕ್ಕಿತು. ಕಾದು ಕಾದು ಸಿಕ್ಕ ನಗು, ನಿಲ್ಲಲೇ ಇಲ್ಲ. ಶಂಭುಲಿಂಗ ಹನೀಫನ ಭುಜ ಒತ್ತಿ ಕಿವಿಯಲ್ಲಿ ಹೇಳಿದ. "ಅಂಜಬ್ಯಾಡ ಹನೀಫಣ್ಣ. ದೊಡ್ಡ ಮಂದಿ ನೋಡಿ ಮರತಿ ಅಂತ ತಿಳದು ನಾ ಎತಗೊಂಡೆ."

ಅವನ ಕಣ್ಣಲ್ಲಿ ಕಪಟವಿರಲಿಲ್ಲ. ನಿಜವಾಗಿಯೂ ಗೆಳೆಯನನ್ನು ಕಾಪಾಡಿದೆ ಎಂದೇ ಅವನು ತಿಳಿದಿದ್ದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳಬೇಕಾದವರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

ಪರದೆಯ ಮೇಲೆ ಫಲಕ ಹೋಗಿ ಊಟ ಸಾಗಿತ್ತು. ಹನೀಫ ಎದ್ದು ನಿಂತ. ನಗು ಇಳಿಯುವವರೆಗೆ ಕಾದು, ಓದುವ ಹೊತ್ತು ಮೀರಿಹೋದ ಆ ಮಾತನ್ನು ತನ್ನ ದನಿಯಲ್ಲಿ ಹೇಳಿದ.

"ನಿಮ್ಮ ಊಟ ಆಗಲ್ರಿ. ನಾ ಇಲ್ಲೇ ಬಾಗಲದಾಗ ಇರತೇನಿ."

ಮೈಕನ್ನು ಮೇಜಿನ ಮೇಲಿಟ್ಟು, ಮೆಟ್ಟಿಲಿಳಿದು ಹೊರಗೆ ನಡೆದ. ಹಿಂದೆ ಸೀಟಿ ಬಿತ್ತೋ ಚಪ್ಪಾಳೆ ಬಿತ್ತೋ ಅವನಿಗೆ ತಿಳಿಯಲಿಲ್ಲ.

ಸ್ಟೇಶನ್ನಿನಲ್ಲಿ ಬಿಸಿಲು ಸುಡುತ್ತಿತ್ತು. ರೈಲಿಗೆ ಇನ್ನೂ ಹೊತ್ತಿತ್ತು. ಹನೀಫ ಬ್ಯಾಡಗಿಗೆ ಟಿಕೀಟು ತೆಗೆದುಕೊಂಡು ಬೆಂಚಿನ ಮೇಲೆ ಕುಳಿತ. ಒಂದು ಆಟೋ ಬಂದು ನಿಂತಿತು. ಆನಂದತೀರ್ಥರು ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಕುಳಿತರು. ಅವರಿಗೆ ಮಾತು ಹುಡುಕುವುದು ಕಷ್ಟವಾಯಿತು. ಅವರ ಬಾಳಿನಲ್ಲೇ ಇದು ಅಪರೂಪದ ಸಂಗತಿ.

"ಶಂಭುಲಿಂಗಗ ಗೊತ್ತಿದ್ದಿಲ್ಲ," ಎಂದರು.

"ಅಂವಂದೇನೂ ತಪ್ಪಿಲ್ರಿ."

"ನಿಮಗ ಇಷ್ಟು ಮನಸ್ಸಿಗೆ ಹತ್ತೇದ ಅಂತ ನನಗ ಅನಿಸಲಿಲ್ಲ. ನೀವು ಮೊದಲ ನನಗ ಹೇಳಬೇಕಾಗಿತ್ತು, ಹನೀಫ್ ಸಾಹೇಬ್ರ."

ಹನೀಫ ಅವರ ಮುಖ ನೋಡಿದ. ಒಳ್ಳೆಯ ಮುಖ. ಹೆಂಡತಿಯನ್ನು ಬಿಟ್ಟರೆ ಈ ಲೋಕದಲ್ಲಿ ಅವನು ಮನಸ್ಸು ಬಿಚ್ಚಿ ಮಾತಾಡಿದ್ದು ಈ ಒಬ್ಬ ಮನುಷ್ಯನ ಜೊತೆ.

"ಹೇಳಿದ್ನಲ್ರಿ ಸರ್, ಫೋನಿನ್ಯಾಗ," ಎಂದ. "ಕನ್ನಡದಾಗ ಹೇಳಿದ್ದೆ."

ಆನಂದತೀರ್ಥರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು. ರೈಲು ಬರುವ ಸೂಚನೆ ಕೇಳಿಸಿದಾಗ, "ಮುಂದಿನ ರವಿವಾರ?" ಎಂದು ಮೆಲ್ಲಗೆ ಕೇಳಿದರು.

ಬರುತ್ತೇನೆ ಎನ್ನಲು ಹನೀಫನ ಜೀವವೆಲ್ಲ ತವಕಿಸಿತು. ಬಾಯಿಯವರೆಗೂ ಬಂತು ಆ ಮಾತು. "ಇಲ್ರಿ ಸರ್," ಎಂದ. "ನಿಮ್ಮ ಮಾತು ಕೇಳಾಕ ಬರಬೇಕಂತ ಆಸೆ ಭಾಳ ಐತಿ. ಆದ್ರ ಆಗಂಗಿಲ್ರಿ."

ರೈಲು ಹೊರಟಿತು. ಬ್ಯಾಡಗಿ ದೂರವೇನಲ್ಲ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎದೆಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಸ್ವಲ್ಪ ಜೊತೆಯಾಗುತ್ತಿತ್ತು. ಅವನು ಇವತ್ತು ಚೆನ್ನಾಗಿ ಓದಿದ್ದ, ಹಿಂದೆಂದೂ ಓದದಷ್ಟು ಚೆನ್ನಾಗಿ, ಅದು ಅವನಿಗೆ ಗೊತ್ತಿತ್ತು. ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಒಬ್ಬರಿಗೆ ಹೇಳಬೇಕಾದ ಸಂಗತಿ. ಬ್ಯಾಡಗಿ ಬಂತು, ಇಳಿದ, ಓಣಿ ದಾಟಿ ಮನೆಯ ಮುಂದೆ ನಿಂತು ಬೀಗ ತೆಗೆದ, ಹೇಳಲು ಯಾರೂ ಇರಲಿಲ್ಲ.